ಬುಡಾಪೆಸ್ಟ್‌ಗೆ ಎರಡನೇ ಸಲ ಹೊರಟ ಕಾರವಾರದವರಿಗೆ

ಕಾರವಾರದವರಿಗೆ ಬೆಂಗಳೂರಿಗಿಂತ ಗೋವಾ ವಿಮಾನ ನಿಲ್ದಾಣವೇ ಹತ್ತಿರ. ಹಂಗೇರಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಹಳೆಯ ಷೆಂಗೆನ್ ವೀಸಾ ಮುಗಿದಿದ್ದರೆ ಹೊಸ ಅರ್ಜಿಯನ್ನು ಹೊರಡುವ 6 ತಿಂಗಳ ಮೊದಲೇ ಹಾಕಬಹುದು. ತಡವೆಂದರೂ ಹೊರಡುವ 15 ದಿನ ಮೊದಲು ಹಾಕಿರಬೇಕು.

ಬುಡಾಪೆಸ್ಟ್ ವಿಮಾನ ನಿಲ್ದಾಣದಿಂದ ಊರಿಗೆ ಹೋಗುವ 100ಇ ಬಸ್ಸಿಗೆ ಪ್ರತ್ಯೇಕ ಟಿಕೆಟ್, ಊರಿನ ಮಾಮೂಲಿ ಟಿಕೆಟ್ ನಡೆಯದು. ಕಾಗದದ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ. ಕೋಟೆ, ಸಂಸತ್ತು ಹೋದ ಸಲವೇ ಆಯಿತಲ್ಲ. ಈ ಸಲ ಮುಸ್ಸಂಜೆಗೆ 2ನೇ ನಂಬರ್ ಟ್ರ್ಯಾಮ್ ಹತ್ತಿ, ಡ್ಯಾನ್ಯೂಬ್ ನದಿ ಕಡೆಯ ಕಿಟಕಿ ಹಿಡಿಯಿರಿ.

ಪಾಳು ಕಟ್ಟಡಗಳ ಬಾರುಗಳಿರುವುದು 7ನೇ ಜಿಲ್ಲೆಯಲ್ಲಿ. ಅವುಗಳಲ್ಲೊಂದಾದ ಸಿಂಪ್ಲಾ ಕರ್ಟ್‌ಗೆ ಬೇಗ ಹೋಗಿ, ರಾತ್ರಿ ಬರೀ ನೂಕುನುಗ್ಗಲು. ಸೆಕೆಗೆ ವೈನಿಗೆ ಸೋಡಾ ಬೆರೆಸಿದ ಫ್ರೊಚ್ ಹಿತ. ಪಾಲಿಂಕಾ ಹಣ್ಣಿನ ಭಟ್ಟಿ ಸಾರಾಯಿ, ನಮ್ಮ ಫೆನಿಯ ದಾಯಾದಿ, ಗುಟುಕಾಗಿ ಕುಡಿಯಿರಿ. ಬಿಲ್ಲಿಗೆ ನೋಟು ಕೊಡುತ್ತಲೇ ‘ಕೊಸೊನೊಮ್’ ಎಂದು ಧನ್ಯವಾದ ಹೇಳಿದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದಂತೆ!