ಪ್ರೀ-ಸೀಸನ್ ಅಭ್ಯಾಸ ನೋಡಲು ಹೋದಾಗ ಏನು ನೋಡಬೇಕು: ಬಯರ್ನ್ ಮ್ಯೂನಿಕ್ ಅಭಿಮಾನಿಗಳಿಗೆ

ಜುಲೈ ಬಂತು ಅಂದರೆ ಮ್ಯೂನಿಕ್‌ನಲ್ಲಿರುವ ಕನ್ನಡದವರ ನಡುವೆ ಈ ಪ್ರಶ್ನೆ ಬಂದೇ ಬರುತ್ತದೆ: ಬಯರ್ನ್ ಫುಟ್‌ಬಾಲ್ ಆಟಗಾರರು ಸೀಸನ್‌ಗೆ ಮುಂಚೆ ಮಾಡುವ ಅಭ್ಯಾಸವನ್ನು ಹತ್ತಿರದಿಂದ ನೋಡಬಹುದಂತೆ, ನಿಜಾನಾ? ನಿಜ. ಕ್ಲಬ್ಬಿನ ಮೈದಾನದಲ್ಲಿ ಅಭಿಮಾನಿಗಳಿಗೆ ಬಾಗಿಲು ತೆರೆಯುವ ದಿನ ದುಡ್ಡೂ ಕೇಳುವುದಿಲ್ಲ. ಆದರೆ ಹೋದವರಲ್ಲಿ ಬಹಳ ಜನ ಬೇಲಿಗೆ ಒರಗಿಕೊಂಡು ಕೇನ್ ಎಲ್ಲಿ, ಮುಸಿಯಾಲಾ ಎಲ್ಲಿ ಅಂತ ಹುಡುಕುತ್ತಾ, ಫೋನಿನಲ್ಲಿ ನಾಲ್ಕು ವಿಡಿಯೋ ಹಿಡಿದು ವಾಪಸ್ ಬರುತ್ತಾರೆ. ಅಷ್ಟು ದೂರ ಹೋಗಿ, ಒಂದು ಟೀಮು ಹೇಗೆ ತಯಾರಾಗುತ್ತದೆ ಅನ್ನುವುದನ್ನೇ ನೋಡದೆ ಬಂದರೆ ನನಗೆ ತುಂಬಾ ಬೇಜಾರಾಗುತ್ತದೆ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ, ನಾವೂ ಅದರ ಹಿಂದೆ ಓಡಬೇಕು. ಇಲ್ಲಿ ಹಾಗಲ್ಲ. ನಿಮ್ಮ ಕಣ್ಣು ಎಲ್ಲಿಗೆ ಬೇಕಾದರೂ ಹೋಗಬಹುದು. ಆದ್ದರಿಂದ ಚೆಂಡನ್ನು ಬಿಡಿ, ಉಳಿದದ್ದನ್ನು ನೋಡಿ.

ಮೊದಲು ಯಾವಾಗ, ಎಲ್ಲಿ ಅನ್ನೋದು. ಜರ್ಮನಿಯ ಮೊದಲ ದರ್ಜೆ ಲೀಗ್ ಬುಂಡೆಸ್‌ಲೀಗಾ ಮೇ ತಿಂಗಳಲ್ಲಿ ಮುಗಿದು ಆಗಸ್ಟ್ ಕೊನೆಯ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಮೊದಲ ವಾರ ಟೀಮುಗಳು ಸೇರುತ್ತವೆ. ಮೊದಲು ದೇಹದ ಪರೀಕ್ಷೆಗಳು, ಆಮೇಲೆ ಅಭ್ಯಾಸ, ಕ್ಯಾಂಪು, ಸೌಹಾರ್ದ ಪಂದ್ಯಗಳು. ವಿಶ್ವಕಪ್ ಅಥವಾ ಯೂರೋ ಇರುವ ಬೇಸಿಗೆಯಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. ದೇಶಕ್ಕೆ ಆಡಿದವರು ರಜೆ ಮುಗಿಸಿ ತಡವಾಗಿ ಬರುತ್ತಾರೆ, ಹಾಗಾಗಿ ಮೊದಲ ವಾರಗಳಲ್ಲಿ ಮೈದಾನದ ತುಂಬಾ ಅಕಾಡೆಮಿಯ ಹುಡುಗರೇ ಇರುತ್ತಾರೆ. ದೊಡ್ಡ ಹೆಸರು ನೋಡಬೇಕು ಅಂತಲೇ ಹೋಗುವವರು ಇದನ್ನು ಗಮನದಲ್ಲಿಡಿ. ನನ್ನನ್ನು ಕೇಳಿದರೆ ಹುಡುಗರು ಇರುವ ದಿನವೇ ಚೆಂದ, ಅದಕ್ಕೆ ಆಮೇಲೆ ಬರುತ್ತೇನೆ.

ಬಯರ್ನ್ ಅಭ್ಯಾಸ ಮಾಡುವುದು ಸೇಬೆನರ್ ಸ್ಟ್ರಾಸೆಯಲ್ಲಿ. ಯು-1 ರೈಲು ಹಿಡಿದು ವೆಟರ್‌ಸ್ಟೈನ್‌ಪ್ಲಾಟ್ಸ್ ಅಥವಾ ಕೊನೆಯ ನಿಲ್ದಾಣ ಮಾಂಗ್‌ಫಾಲ್‌ಪ್ಲಾಟ್ಸ್‌ನಲ್ಲಿ ಇಳಿದು ನಡೆಯಬಹುದು. ವರ್ಷದ ಬಹುಪಾಲು ದಿನ ಅಲ್ಲಿ ಪರದೆ ಹಾಕಿಯೇ ಅಭ್ಯಾಸ ನಡೆಯುತ್ತದೆ, ಸುಮ್ನೆ ಹೋಗಿ ನಿಂತರೆ ಏನೂ ಕಾಣುವುದಿಲ್ಲ. ತೆರೆದ ಅಭ್ಯಾಸದ ದಿನವನ್ನು ಕ್ಲಬ್ಬು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದು ಕೊನೇ ಗಳಿಗೆಯಲ್ಲಿ ಬದಲಾಗುವುದೂ ಉಂಟು, ಹಾಗಾಗಿ ಮನೆ ಬಿಡುವ ಮುಂಚೆ ಇನ್ನೊಂದು ಸಲ ನೋಡಿಕೊಳ್ಳಿ.

ಕೆಲವು ಬೇಸಿಗೆಗಳಲ್ಲಿ ಟೀಮು ಟೆಗರ್ನ್‌ಸೇ ಸರೋವರದ ದಡದ ರೊಟಾಖ್-ಎಗರ್ನ್ ಎಂಬ ಊರಿಗೆ ಕ್ಯಾಂಪ್ ಹೋಗುತ್ತದೆ. 2023, 2024ರಲ್ಲಿ ಅಲ್ಲಿತ್ತು. ಅದು ಸಿಕ್ಕರೆ ಬಿಡಬೇಡಿ, ಚಿಕ್ಕ ಊರಿನ ಚಿಕ್ಕ ಮೈದಾನ, ಹಿಂದೆ ಬೆಟ್ಟ, ಆಟಗಾರರು ನಿಜಕ್ಕೂ ಕೈಗೆಟಕುವಷ್ಟು ಹತ್ತಿರ. ಮ್ಯೂನಿಕ್ ಮುಖ್ಯ ನಿಲ್ದಾಣದಿಂದ ಟೆಗರ್ನ್‌ಸೇಗೆ ರೈಲಿನಲ್ಲಿ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸು. ಒಂದು ಎಚ್ಚರಿಕೆ: ಈ ರೈಲು ದಾರಿಯಲ್ಲಿ ತುಂಡಾಗಿ ಬೇರೆ ಬೇರೆ ಊರಿಗೆ ಹೋಗುತ್ತದೆ. ಬೋಗಿಯ ಮೇಲೆ ಟೆಗರ್ನ್‌ಸೇ ಅಂತ ಬರೆದಿದೆಯಾ ನೋಡಿಯೇ ಕೂತುಕೊಳ್ಳಿ, ಇಲ್ಲಾಂದ್ರೆ ಲೆಂಗ್ರೀಸ್‌ನಲ್ಲಿ ಇಳಿಯಬೇಕಾಗುತ್ತದೆ.

ಬೇರೆ ಊರಿನವರಿಗೂ ಅವಕಾಶ ಇದೆ. ಸ್ಟುಟ್‌ಗಾರ್ಟ್‌ನವರಿಗೆ ವಿಎಫ್‌ಬಿ ಕ್ಲಬ್ಬಿನ ಅಭ್ಯಾಸ ಮೈದಾನ ಸ್ಟೇಡಿಯಂ ಪಕ್ಕದಲ್ಲೇ. ಕೊಲೋನ್‌ನಲ್ಲಿ ಗೈಸ್‌ಬಾಕ್‌ಹೈಮ್ ಎಂಬ ಅಭ್ಯಾಸ ಕೇಂದ್ರ, ಕಾಡಿನ ಹಾಗಿರುವ ಹಸಿರು ಪಟ್ಟಿಯ ನಡುವೆ. ಡಾರ್ಟ್‌ಮುಂಡ್ ಟೀಮು ಎಷ್ಟೋ ಬೇಸಿಗೆ ಸ್ವಿಟ್ಜರ್ಲೆಂಡಿನ ಬಾಡ್ ರಗಾಟ್ಸ್‌ಗೆ ಹೋಗಿದೆ. ಎಲ್ಲ ಕಡೆಯೂ ನಿಯಮ ಒಂದೇ, ಅವರವರ ಕ್ಲಬ್ಬಿನ ಪ್ರಕಟಣೆ ನೋಡಿಕೊಂಡು ಹೋಗಿ.

ತೆಗೆದುಕೊಂಡು ಹೋಗುವುದಕ್ಕೆ ಜಾಸ್ತಿ ಏನಿಲ್ಲ. ಟೋಪಿ, ನೀರು, ತೆಳು ಮಳೆ ಕೋಟು (ಜುಲೈ ಮಧ್ಯಾಹ್ನ ಇಲ್ಲಿ ಗುಡುಗು ಮಳೆ ಹೇಳದೆ ಕೇಳದೆ ಬರುತ್ತದೆ), ಒಂದು ಮಾರ್ಕರ್ ಪೆನ್ನು, ಚಿಕ್ಕ ನೋಟ್‌ಬುಕ್ಕು. ದೊಡ್ಡ ಬ್ಯಾಗು ಬೇಡ, ಬಾಗಿಲಲ್ಲಿ ತಡೆಯಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೇಳಿದ ಸಮಯಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಹೋಗಿ. ಜಾಗ ಹಿಡಿಯಲು ಮಾತ್ರ ಅಲ್ಲ, ಆಟಗಾರರು ಬರುವ ಮೊದಲೇ ಸಹಾಯಕರು ಮೈದಾನದಲ್ಲಿ ಕೋನ್‌ಗಳನ್ನು ಇಡುತ್ತಿರುತ್ತಾರೆ, ಅದನ್ನು ನೋಡಲು. ಅವತ್ತಿನ ಪಾಠ ಏನು ಅಂತ ಅಲ್ಲೇ ಗೊತ್ತಾಗುತ್ತದೆ. ಸಣ್ಣ ಚೌಕ ಎರಡು ಮೂರು ಇದ್ದರೆ ಚೆಂಡು ಉಳಿಸಿಕೊಳ್ಳುವ ಆಟ. ಚಿಕ್ಕ ಗೋಲುಗಳು ನಾಲ್ಕು ಮೂಲೆಗೆ ಇದ್ದರೆ ಆಟದ ದಿಕ್ಕನ್ನು ಬೇಗ ಬದಲಾಯಿಸುವ ಅಭ್ಯಾಸ. ಪೆನಾಲ್ಟಿ ಬಾಕ್ಸ್ ಮುಂದೆ ಮನುಷ್ಯಾಕಾರದ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ ಅಂದರೆ ಫ್ರೀ ಕಿಕ್ಕು ಅಥವಾ ಎದುರಾಳಿಯ ಡಿಫೆನ್ಸ್ ಸಾಲನ್ನು ಒಡೆಯುವ ಓಟಗಳು. ಯಾವ ಅರ್ಧದಲ್ಲಿ ಸಾಮಾನು ಜಾಸ್ತಿ ಇದೆಯೋ ಆ ಕಡೆಯ ಮೂಲೆಗೆ ಹೋಗಿ ನಿಂತುಕೊಳ್ಳಿ. ನಡು ಗೆರೆಯ ಹತ್ತಿರ ಎಲ್ಲರೂ ಮುಗಿಬೀಳುತ್ತಾರೆ, ಅಲ್ಲಿ ಆಟಗಾರರ ಮುಖ ಕಾಣುತ್ತದೆ, ಆಟ ಕಾಣುವುದಿಲ್ಲ. ಮೂಲೆಯಿಂದ ನೋಡಿದರೆ ಆಟಗಾರರ ನಡುವಿನ ಅಂತರ ಕಾಣುತ್ತದೆ. ಸ್ವಲ್ಪ ಎತ್ತರದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ಸಾಮಾನ್ಯವಾಗಿ ಮೊದಲು ಹೊರಗೆ ಬರುವವರು ಗೋಲ್‌ಕೀಪರ್‌ಗಳು. ಅವರದೇ ಕೋಚು, ಅವರದೇ ಮೂಲೆ. ಜನ ಅವರನ್ನು ನೋಡುವುದೇ ಇಲ್ಲ, ಎಲ್ಲರ ಕಣ್ಣೂ ಬಾಗಿಲ ಕಡೆ. ದಯವಿಟ್ಟು ಆ ಹೊತ್ತನ್ನು ಕೀಪರ್‌ಗಳಿಗೆ ಕೊಡಿ. ಚೆಂಡು ಹಿಡಿಯುವುದನ್ನಲ್ಲ, ಅವರ ಕಾಲನ್ನು ನೋಡಿ. ಕೋಚು ಒದೆಯುವ ಕ್ಷಣದಲ್ಲಿ ಕೀಪರ್ ಒಂದು ಪುಟ್ಟ ನೆಗೆತ ನೆಗೆದು ಎರಡೂ ಪಾದ ಒಟ್ಟಿಗೆ ನೆಲಕ್ಕೆ ಊರುತ್ತಾನೆ, ಅಲ್ಲಿಂದಲೇ ಹಾರುತ್ತಾನೆ. ಆ ಪಾದ ಊರುವುದು ಚೂರು ತಡವಾದರೂ ಹಾರಿದ್ದು ಸಾಲುವುದಿಲ್ಲ. ಹತ್ತು ಶಾಟ್ ಹೀಗೆ ನೋಡಿದರೆ, ಮುಂದೆ ಟಿವಿಯಲ್ಲಿ ಗೋಲು ಬಿದ್ದಾಗ ಕೀಪರ್ ಎಲ್ಲಿ ತಪ್ಪಿದ ಅಂತ ನಿಮಗೇ ತಿಳಿಯುತ್ತದೆ.

ಆಮೇಲೆ ರಾಂಡೋ. ಐದೋ ಎಂಟೋ ಜನ ಸುತ್ತ ನಿಂತು ಪಾಸ್ ಮಾಡುತ್ತಾರೆ, ನಡುವೆ ಇಬ್ಬರು ಕಸಿದುಕೊಳ್ಳಲು ಓಡಾಡುತ್ತಾರೆ. ಚೆಂಡು ಕಳೆದುಕೊಂಡವನು ಒಳಗೆ ಬರಬೇಕು. ನಗು, ಕೂಗಾಟ, ಕಾಲೆಳೆಯೋದು ಎಲ್ಲ ಇರುತ್ತದೆ, ನೋಡುವವರಿಗೆ ಇದು ಬರೀ ತಮಾಷೆ ಅನ್ನಿಸುತ್ತದೆ. ಒಬ್ಬನನ್ನು ಆರಿಸಿಕೊಳ್ಳಿ, ಮಿಡ್‌ಫೀಲ್ಡರ್ ಆದರೆ ಒಳ್ಳೆಯದು. ಚೆಂಡು ಅವನ ಹತ್ತಿರ ಇಲ್ಲದಾಗ ಅವನ ತಲೆ ನೋಡಿ. ಒಳ್ಳೆಯ ಆಟಗಾರನ ತಲೆ ಸುಮ್ಮನಿರುವುದೇ ಇಲ್ಲ, ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಭುಜದ ಮೇಲಿಂದ ಹಿಂದಕ್ಕೊಮ್ಮೆ. ಚೆಂಡು ಬರುವ ಹೊತ್ತಿಗೆ ಅದನ್ನು ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನ ಆಗಿಹೋಗಿರುತ್ತದೆ. ಸೊಂಟ ಅರ್ಧ ತಿರುಗಿರುತ್ತದೆ, ಆ ಕಡೆಯ ಕಾಲಿನಿಂದ ಒಂದೇ ಸ್ಪರ್ಶ, ಟಪ್ ಅಂತ ಶಬ್ದ, ಚೆಂಡು ಹೋಯಿತು. ಹೊಸದಾಗಿ ಬಂದ ಹುಡುಗ ಮೊದಲು ಚೆಂಡು ನಿಲ್ಲಿಸಿ, ಆಮೇಲೆ ತಲೆ ಎತ್ತುತ್ತಾನೆ. ಅಷ್ಟರಲ್ಲಿ ಇಬ್ಬರು ಅವನ ಮೇಲೆ ಬಿದ್ದಿರುತ್ತಾರೆ. ಇಬ್ಬರ ನಡುವಿನ ಇಷ್ಟು ವ್ಯತ್ಯಾಸ ಹತ್ತು ಅಡಿ ದೂರದಿಂದ ನೋಡೋದಿದೆಯಲ್ಲ, ಅದಕ್ಕೋಸ್ಕರವೇ ನಾನು ಹೋಗುವುದು.

ಬಿಬ್ (ಟೀಮು ಗುರುತಿಸಲು ಜರ್ಸಿ ಮೇಲೆ ಹಾಕುವ ಬಣ್ಣದ ತೆಳು ಅಂಗಿ) ಹಂಚುವಾಗ ನೋಟ್‌ಬುಕ್ಕು ತೆಗೆಯಿರಿ. ಯಾವ ಬಣ್ಣ ಯಾರಿಗೆ ಬಂತು ಬರೆದುಕೊಳ್ಳಿ. ಮೊದಲ ವಾರ ಬೆರೆಸಿ ಹಂಚುತ್ತಾರೆ, ಅದರಿಂದ ಏನೂ ತೀರ್ಮಾನಿಸಬೇಡಿ. ಸೀಸನ್ ಹತ್ತಿರ ಬಂದ ಹಾಗೆ ಡಿಫೆನ್ಸಿನ ಅದೇ ನಾಲ್ವರು ಅದೇ ಬಣ್ಣದಲ್ಲಿ ಮತ್ತೆ ಮತ್ತೆ ಬಂದರೆ ಕೋಚಿನ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಬಹುದು. ಒಬ್ಬಿಬ್ಬರು ಮೂರನೇ ಬಣ್ಣ ಹಾಕಿಕೊಂಡಿದ್ದರೆ ಅವರು ಜೋಕರ್‌ಗಳು, ಚೆಂಡು ಯಾವ ಟೀಮಿನ ಹತ್ತಿರ ಇರುತ್ತದೋ ಆ ಟೀಮಿಗೆ ಆಡುತ್ತಾರೆ. ಚೆಂಡು ಇರುವವರಿಗೆ ಸದಾ ಒಬ್ಬ ಜಾಸ್ತಿ ಇರಲಿ ಅನ್ನುವ ಲೆಕ್ಕ.

ಕೋಚು ಆಟ ನಿಲ್ಲಿಸುವ ಕ್ಷಣವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಸೀಟಿ ಊದಿದ ತಕ್ಷಣ ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಅವನು ನಡೆದುಕೊಂಡು ಹೋಗುವುದು ಯಾರ ಹತ್ತಿರ? ಎಷ್ಟೋ ಸಲ ಚೆಂಡು ಕಳೆದುಕೊಂಡವನ ಹತ್ತಿರ ಅಲ್ಲ, ಇಪ್ಪತ್ತು ಮೀಟರ್ ದೂರದಲ್ಲಿ ಸುಮ್ಮನೆ ನಿಂತಿದ್ದವನ ಹತ್ತಿರ. ಅವನ ಭುಜ ಹಿಡಿದು ಮೂರು ಹೆಜ್ಜೆ ಮುಂದಕ್ಕೆ ನಿಲ್ಲಿಸುತ್ತಾನೆ, ಮತ್ತೆ ಆಟ ಶುರು. ಜರ್ಮನ್ ಬರದಿದ್ದರೂ ಪರವಾಗಿಲ್ಲ, ಕೈ ಸನ್ನೆ ಸಾಕು. 2024ರಲ್ಲಿ ಕೋಚ್ ಆಗಿ ಬಂದ ವಿನ್ಸೆಂಟ್ ಕೊಂಪನಿಯ ಆಟ ಎದುರಾಳಿಯನ್ನು ಅವರ ಅರ್ಧದಲ್ಲೇ, ಒಬ್ಬರಿಗೆ ಒಬ್ಬರಂತೆ ಬೆನ್ನು ಹತ್ತಿ ಹಿಡಿಯುವ ಆಟ. ಹಾಗಾಗಿ ಚೆಂಡು ಕಳೆದುಕೊಂಡ ಮರುಕ್ಷಣ ಮುಂದಿನ ಸಾಲು ಏನು ಮಾಡುತ್ತದೆ ಅನ್ನುವುದನ್ನೇ ನೋಡಿ. ತಿರುಗಿ ನಡೆಯುವವನಿಗೆ ಆ ಟೀಮಿನಲ್ಲಿ ಜಾಗ ಕಷ್ಟ.

ಆಟಗಾರರು ಹಾಕುವ ಕಪ್ಪು ಒಳಕುಪ್ಪಸದಂಥ ಬಟ್ಟೆ, ಬೆನ್ನಿನ ಮೇಲ್ಭಾಗದಲ್ಲಿ ಉಬ್ಬು, ಅದೇನು ಅಂತ ತುಂಬಾ ಜನ ಕೇಳುತ್ತಾರೆ. ಅದರೊಳಗೆ ಜಿಪಿಎಸ್ ಯಂತ್ರ ಇದೆ. ಎಷ್ಟು ಓಡಿದ, ಎಷ್ಟು ಸಲ ಜೋರಾಗಿ ಓಡಿದ, ಎಷ್ಟು ಸಲ ಗಕ್ಕನೆ ನಿಂತ, ಎಲ್ಲ ಲೆಕ್ಕ ಅದರಲ್ಲಿ. ಮಧ್ಯದಲ್ಲೇ ಒಬ್ಬನನ್ನು ಹೊರಗೆ ಕರೆದರೆ ಗಾಯವೇ ಆಗಿದೆ ಅಂತ ಗಾಬರಿಯಾಗಬೇಡಿ, ಅವನ ಅವತ್ತಿನ ಪಾಲು ಮುಗಿದಿರಬಹುದು. ಗಾಯದಿಂದ ವಾಪಸ್ ಬರುತ್ತಿರುವವರು ಪಕ್ಕದಲ್ಲಿ ಫಿಸಿಯೋ ಜೊತೆ ಬೇರೆಯಾಗಿ ಓಡುತ್ತಿರುತ್ತಾರೆ. ನೇರ ಓಟ ಮಾತ್ರವಾ, ತಿರುಗಿ ಓಡುತ್ತಿದ್ದಾನಾ, ಚೆಂಡು ಮುಟ್ಟುತ್ತಿದ್ದಾನಾ, ಈ ಕ್ರಮದಲ್ಲಿ ನೋಡಿದರೆ ಎಷ್ಟು ದಿನ ಬೇಕಾಗಬಹುದು ಅಂತ ಅಂದಾಜು ಸಿಗುತ್ತದೆ.

ಇನ್ನೊಂದು ಮಾತು. ಈ ದಿನಗಳಲ್ಲಿ ಆಟಗಾರರ ಕಾಲು ಭಾರವಾಗಿರುತ್ತದೆ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಜರ್ಮನ್ ಕ್ಲಬ್ಬುಗಳಲ್ಲಿ ಮೊದಲ ದಿನಗಳಲ್ಲೇ ಲ್ಯಾಕ್ಟೇಟ್ ಪರೀಕ್ಷೆ ನಡೆಯುತ್ತದೆ. ವೇಗ ಹೆಚ್ಚಿಸುತ್ತಾ ಓಡಿಸಿ, ನಡುನಡುವೆ ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು, ಯಾವ ವೇಗದಲ್ಲಿ ದೇಹ ಸೋಲತೊಡಗುತ್ತದೆ ಅಂತ ಅಳೆಯುತ್ತಾರೆ. ಅದರ ಮೇಲೆ ಪ್ರತಿಯೊಬ್ಬನ ಓಟದ ಲೆಕ್ಕ ನಿಂತಿರುತ್ತದೆ. ಕೆಲವು ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಅಭ್ಯಾಸ. ಹಾಗಿರುವಾಗ ಸಂಜೆ ಯಾರದೋ ಶಾಟ್ ಬೇಲಿ ದಾಟಿ ಹೋಯಿತು ಅಂತ ಇವನ ಕಥೆ ಮುಗಿಯಿತು ಅನ್ನಬೇಡಿ.

ಸೌಹಾರ್ದ ಪಂದ್ಯಗಳ ಸ್ಕೋರನ್ನೂ ನಂಬಬೇಡಿ. 2023ರ ಜುಲೈನಲ್ಲಿ ಬಯರ್ನ್ ಆ ಚಿಕ್ಕ ಊರಿನ ರೊಟಾಖ್-ಎಗರ್ನ್ ಟೀಮನ್ನು 27-0 ಅಂತರದಿಂದ ಸೋಲಿಸಿತು. ಒಂದು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 12ರಂದು ಜರ್ಮನ್ ಸೂಪರ್ ಕಪ್‌ನಲ್ಲಿ (ಸೀಸನ್ ಶುರುವಿನಲ್ಲಿ ನಡೆಯುವ ಒಂದೇ ಪಂದ್ಯದ ಟ್ರೋಫಿ) ಲೈಪ್‌ಜಿಗ್ ಎದುರು ತವರಲ್ಲೇ 0-3 ಸೋತಿತು. ಆಗಷ್ಟೇ ಬಂದಿಳಿದಿದ್ದ ಹ್ಯಾರಿ ಕೇನ್ ಟೀಮಿನ ಜೊತೆ ಸರಿಯಾಗಿ ಅಭ್ಯಾಸವನ್ನೂ ಮಾಡದೆ ಬದಲಿಯಾಗಿ ಇಳಿದಿದ್ದು ಅದೇ ಪಂದ್ಯದಲ್ಲಿ. ಆ ಸೀಸನ್ ಒಂದೂ ಟ್ರೋಫಿ ಬರಲಿಲ್ಲ, 2012ರ ನಂತರ ಮೊದಲ ಸಲ. ಹಾಗಂತ ದೊಡ್ಡ ಸ್ಕೋರು ಅಪಶಕುನವೂ ಅಲ್ಲ. 2019ರಲ್ಲಿ ಇದೇ ಟೀಮಿನ ಮೇಲೆ 23-0, ಆ ಬೇಸಿಗೆಯ ಸೂಪರ್ ಕಪ್‌ನಲ್ಲಿ ಡಾರ್ಟ್‌ಮುಂಡ್ ಎದುರು 0-2 ಸೋಲು, ಸೀಸನ್ ಮುಗಿಯುವ ಹೊತ್ತಿಗೆ ಮೂರೂ ದೊಡ್ಡ ಕಪ್ಪು (ಬುಂಡೆಸ್‌ಲೀಗಾ, ಜರ್ಮನ್ ಕಪ್, ಚಾಂಪಿಯನ್ಸ್ ಲೀಗ್) ಬಯರ್ನ್ ಕೈಯಲ್ಲಿ! ಇಂಥ ಪಂದ್ಯಕ್ಕೆ ಹೋದರೆ ಗೋಲು ಎಣಿಸುವ ಬದಲು ಹದಿನೇಳು, ಹದಿನೆಂಟರ ಹುಡುಗರಲ್ಲಿ ಒಬ್ಬನನ್ನು ಹಿಡಿದುಕೊಳ್ಳಿ. 20-0 ಆದಮೇಲೂ ಅವನು ಚೆಂಡಿಗೆ ಕೈ ಎತ್ತಿ ಕೂಗುತ್ತಾನಾ, ಹಿರಿಯನಿಗೆ ಪಾಸ್ ಕೊಟ್ಟು ಅಲ್ಲೇ ನಿಲ್ಲುತ್ತಾನಾ ಅಥವಾ ಮುಂದಿನ ಜಾಗಕ್ಕೆ ಓಡುತ್ತಾನಾ? ಅವರಿಗೆ ಇದು ಸೌಹಾರ್ದ ಪಂದ್ಯ ಅಲ್ಲ. ದೊಡ್ಡವರು ರಜೆಯಿಂದ ಬರುವಷ್ಟರಲ್ಲಿ ಕೋಚಿನ ಕಣ್ಣಿಗೆ ಬೀಳಲು ಇರುವುದು ಕೆಲವೇ ವಾರ.

ಆಟೋಗ್ರಾಫ್ ಬೇಕಾದವರು ಅಭ್ಯಾಸ ಮುಗಿಯುವ ಹತ್ತು ನಿಮಿಷ ಮುಂಚೆ ಆಟಗಾರರು ಒಳಗೆ ಹೋಗುವ ದಾರಿಯ ಪಕ್ಕ ಬನ್ನಿ. ಮಕ್ಕಳನ್ನು ಮುಂದೆ ನಿಲ್ಲಿಸಿ, ಹಿಂದಿನಿಂದ ತಳ್ಳಬೇಡಿ. ಎಲ್ಲರಿಗೂ ಸಿಗುವುದಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಅಭ್ಯಾಸದ ನಡುವೆ ಹೆಸರು ಹಿಡಿದು ಕೂಗುವುದು ಬೇಡ, ಕೋಚ್ ಮಾತು ಅವರಿಗೆ ಕೇಳಿಸಬೇಕಲ್ವಾ. ಫೋಟೋ, ವಿಡಿಯೋ ಬಗ್ಗೆ ಬಾಗಿಲಲ್ಲಿ ಹಾಕಿರುವ ನಿಯಮ ಓದಿಕೊಳ್ಳಿ. ಪಕ್ಕದಲ್ಲಿ ವಯಸ್ಸಾದ ಬವೇರಿಯಾದವರು ಯಾರಾದರೂ ನಿಂತಿದ್ದರೆ ಒಂದು ಸರ್ವುಸ್ (ಅಲ್ಲಿನವರ ನಮಸ್ಕಾರ) ಹೇಳಿ ಮಾತಿಗಿಳಿಯಿರಿ. ದಶಕಗಳಿಂದ ಬರುತ್ತಿರುವವರು ಇರುತ್ತಾರೆ, ಅವರ ಹತ್ತಿರ ಅರ್ಧ ಗಂಟೆ ನಿಂತರೆ ಸಿಗುವ ವಿಷಯ ಬೇರೆಲ್ಲೂ ಸಿಗುವುದಿಲ್ಲ.

ಬೆಂಗಳೂರಿನಲ್ಲಿದ್ದು ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಹಿಂದೆ ಇರುವವರಿಗೂ ಈ ರೀತಿ ನೋಡುವುದು ಉಪಯೋಗಕ್ಕೆ ಬರುತ್ತದೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಟೀಮುಗಳಿಗೆ ಡ್ಯುರಾಂಡ್ ಕಪ್ ಅಂದರೆ ಹೆಚ್ಚುಕಡಿಮೆ ಪ್ರೀ-ಸೀಸನ್ನೇ. ಬಿಎಫ್‌ಸಿ 2022ರಲ್ಲಿ ಅದನ್ನು ಗೆದ್ದಿತು ಕೂಡ. ಕಂಠೀರವದಲ್ಲಿ ಪಂದ್ಯ ಇದ್ದಾಗ ವಾರ್ಮ್-ಅಪ್‌ಗೆ ಮುಂಚೆಯೇ ಹೋಗಿ ಕೂತುಕೊಳ್ಳಿ, ಅಲ್ಲೂ ಮೊದಲು ಬರುವವರು ಕೀಪರ್‌ಗಳೇ, ಅಲ್ಲೂ ರಾಂಡೋ ಇರುತ್ತದೆ.

ಸಾಧ್ಯವಾದರೆ ಎರಡು ಸಲ ಹೋಗಿ, ಜುಲೈನಲ್ಲಿ ಒಂದು, ಸೀಸನ್ ಶುರುವಿಗೆ ಸ್ವಲ್ಪ ಮುಂಚೆ ಇನ್ನೊಂದು. ಎರಡೂ ಸಲ ಅದೇ ಆಟಗಾರನನ್ನು ನೋಡಿ. ಮೊದಲ ಲೀಗ್ ಪಂದ್ಯದ ಹನ್ನೊಂದರ ಪಟ್ಟಿ ಬಂದಾಗ ನೋಟ್‌ಬುಕ್ಕಿನ ಬಿಬ್ ಬಣ್ಣಗಳ ಪಕ್ಕ ಇಟ್ಟು ನೋಡಿ, ಮೊದಲ ಕಾರ್ನರ್ ಸಿಕ್ಕಾಗ ಗೊಂಬೆಗಳ ಸುತ್ತ ಓಡಿದ್ದ ಅದೇ ಓಟಗಳು ಬರುತ್ತವಾ ಗಮನಿಸಿ.