ಫೇಸ್‌ಬುಕ್ ಖಾತೆ ಮುಚ್ಚುವ ಮುನ್ನ ಫೋಟೊ ಗಂಟು ಬಿಚ್ಚಿ ನೋಡಿ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಫೇಸ್‌ಬುಕ್ ಸಾಕಾಯಿತು. ಫೋಟೊಗಳನ್ನು ಇಳಿಸಿಕೊಂಡರು, ಖಾತೆ ಅಳಿಸಿದರು, ನಿಶ್ಚಿಂತೆಯಿಂದ ಕಾಫಿ ಕುಡಿದರು. ನಾಲ್ಕು ತಿಂಗಳಾದ ಮೇಲೆ ಮೊಮ್ಮಗಳ ನಾಮಕರಣದ ಫೋಟೊ ಬೇಕಾಗಿ ಆ ಫೈಲ್ ತೆರೆದರೆ, ಒಳಗಿದ್ದದ್ದು ಒಂದೇ ವರ್ಷದ ಫೋಟೊ. ಅದೂ ಮುಕ್ಕಾಲು ಪಾಲು ಗುಡ್ ಮಾರ್ನಿಂಗ್ ಹೂವುಗಳು. ಇಳಿಸುವಾಗ ತಾರೀಖಿನ ಸಾಲು ನೋಡಿರಲಿಲ್ಲ, ಅಷ್ಟೇ.

ಅದಾದ ಮೇಲೆ ನಾಲ್ಕಾರು ಜನರ ಪಕ್ಕ ಕೂತು ಈ ಕೆಲಸ ಮಾಡಿಸಿದ್ದೇನೆ. ಎಲ್ಲರೂ ಎಡವುವುದು ಎರಡೇ ಕಡೆ. ಒಂದು, ನಮ್ಮ ಫೋಟೊ ಕೊಡಿ ಎಂದು ಫೇಸ್‌ಬುಕ್‌ಗೆ ಕೋರುವ ಫಾರ್ಮ್ ತುಂಬುವಾಗ. ಇನ್ನೊಂದು, ಫೋಟೊಗಳೆಲ್ಲ ಸೇರಿ ಒಂದೇ ಫೈಲಾಗಿ ಬಂದ ಗಂಟು ಬಿಚ್ಚುವಾಗ. ಉಳಿದದ್ದೆಲ್ಲ ಸಲೀಸು.

ಹೆಜ್ಜೆ 1: ಕಂಪ್ಯೂಟರ್ ಮುಂದೆ ಕೂರಿ

ಫೋನಿನಲ್ಲೂ ಆಗುತ್ತದೆ, ಆದರೆ ಬೇಡ. ಹತ್ತು ವರ್ಷದ ಫೋಟೊ ಮತ್ತು ವಿಡಿಯೊ ಎಂದರೆ ಹಲವು ಜಿಬಿ. ಅರ್ಧ ಇಳಿದ ಮೇಲೆ ಜಾಗ ಇಲ್ಲ ಎನ್ನುತ್ತದೆ ಫೋನು. ಲ್ಯಾಪ್‌ಟಾಪ್ ಇಲ್ಲದಿದ್ದರೆ ಯಾರದಾದರೂ ಒಂದು ಭಾನುವಾರ ಕೇಳಿ ಪಡೆಯಿರಿ. ಸೈಬರ್ ಕೆಫೆ ಮಾತ್ರ ಬೇಡ, ನಿಮ್ಮ ಇಡೀ ಜೀವನ ಅಲ್ಲಿಯ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದುಬಿಡುತ್ತದೆ.

ಹೆಜ್ಜೆ 2: ಫಾರ್ಮ್ ತುಂಬುವುದು (ಇಲ್ಲಿ ನಿಧಾನ)

ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಅಕೌಂಟ್ಸ್ ಸೆಂಟರ್, ಅದರೊಳಗೆ ನಿಮ್ಮ ಮಾಹಿತಿ ಮತ್ತು ಅನುಮತಿಗಳು, ಅದರೊಳಗೆ ಮಾಹಿತಿ ಇಳಿಸಿಕೊಳ್ಳುವ ಆಯ್ಕೆ. ಈ ಹೆಸರುಗಳನ್ನು ಆಗಾಗ ಬದಲಾಯಿಸುತ್ತಾರೆ. 'ಡೌನ್‌ಲೋಡ್' ಎಂದೋ 'ಎಕ್ಸ್‌ಪೋರ್ಟ್' ಎಂದೋ ಇರುವ ಸಾಲು ಹುಡುಕಿ. ಒಂದೇ ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಇನ್‌ಸ್ಟಾಗ್ರಾಮ್ ಕೂಡ ಇರಬಹುದು. ಯಾವ ಖಾತೆ ಒತ್ತುತ್ತಿದ್ದೀರಿ ನೋಡಿಕೊಳ್ಳಿ.

ಈಗ ಮೂರು ಸಾಲು ಬರುತ್ತವೆ. ಮೂರನ್ನೂ ಒಂದೊಂದಾಗಿ ತೆರೆದು ನೋಡಿ. ಮೊದಲೇ ತುಂಬಿರುವುದನ್ನು ನಂಬಬೇಡಿ.

ತಾರೀಖು: 'ಆಲ್ ಟೈಮ್' ಎಂದಿರಬೇಕು. ಕಳೆದ ವರ್ಷ, ಕಳೆದ ತಿಂಗಳು ಎಂದೇನಾದರೂ ಇದ್ದರೆ ಬದಲಿಸಿ. ಮೇಷ್ಟ್ರು ಕೈ ಸುಟ್ಟುಕೊಂಡದ್ದು ಇಲ್ಲೇ.

ಗುಣಮಟ್ಟ: ಹೈ, ಮೀಡಿಯಂ, ಲೋ ಎಂದು ಮೂರಿವೆ. ಕಣ್ಣು ಮುಚ್ಚಿ ಹೈ ಒತ್ತಿ. ಜಾಗ ಉಳಿಸಲು ಮೀಡಿಯಂ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನೀವು ಹಾಕಿದ ಫೋಟೊ ಹಾಕುವಾಗಲೇ ಒಮ್ಮೆ ಕುಗ್ಗಿರುತ್ತದೆ, ಸಾಮಾನ್ಯವಾಗಿ ಉದ್ದದ ಬದಿ ಹೆಚ್ಚೆಂದರೆ 2048 ಪಿಕ್ಸೆಲ್. ಅದನ್ನು ಮತ್ತೆ ಕುಗ್ಗಿಸಿದರೆ ಅಜ್ಜಿಯ ಮುಖ ರಾಗಿ ಮುದ್ದೆ. (ಮೂಲ ಫೋಟೊ ಹಳೆಯ ಫೋನಲ್ಲೋ ಸಿಡಿಯಲ್ಲೋ ಇದ್ದರೆ ಎಂದಿಗೂ ಅದೇ ಒಳ್ಳೆಯದು. ಇದು ಸಿಕ್ಕಿತೆಂದು ಅದನ್ನು ಎಸೆಯಬೇಡಿ.)

ಫಾರ್ಮ್ಯಾಟ್: ಎಚ್‌ಟಿಎಂಎಲ್ ಮತ್ತು ಜೆಸನ್ ಎಂದು ಎರಡು. ಜೆಸನ್ ಕಂಪ್ಯೂಟರ್ ಪ್ರೋಗ್ರಾಮ್‌ಗಳಿಗೆ, ಎಚ್‌ಟಿಎಂಎಲ್ ಮನುಷ್ಯರಿಗೆ. ಕನ್ನಡದವರಿಗಂತೂ ಎಚ್‌ಟಿಎಂಎಲ್ಲೇ ಸರಿ, ಕಾರಣ ಇದೆ. ಆ ಜೆಸನ್ ಫೈಲ್‌ನಲ್ಲಿ ಇಂಗ್ಲಿಷ್ ಸರಿಯಾಗಿ ಕಾಣುತ್ತದೆ. ಫೋಟೊ ಕೆಳಗೆ ನೀವು ಕನ್ನಡದಲ್ಲಿ ಬರೆದ ಮಾತು ಮಾತ್ರ ಚೂರು ಚೂರು. ನಮ್ಮ ಲಿಪಿಯ ಒಂದೊಂದು ಮೂಲ ಚಿಹ್ನೆಯೂ ಕಂಪ್ಯೂಟರಿಗೆ ಮೂರು ಬೈಟ್, ಅಂದರೆ ಮೂರು ತುಣುಕು. ಆ ಮೂರನ್ನೂ ಬೇರೆ ಬೇರೆ ಅಕ್ಷರ ಎಂದು ಬರೆದಿಟ್ಟಿರುತ್ತಾರೆ. ಅದನ್ನು ಪರದೆಗೆ ತಂದರೆ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟ್ಟ 2, ಮತ್ತೆ ಅದೇ 'ಎ', ಮತ್ತೆ ಅದೇ 2. ಸರಿ ಮಾಡಲು ಪ್ರೋಗ್ರಾಮಿಂಗ್ ಗೊತ್ತಿರಬೇಕು. ಸುಮ್ನೆ ಯಾಕೆ?

ಯಾವ ಮಾಹಿತಿ ಬೇಕು ಎಂದು ಕೇಳಿದಾಗ ಬರೀ ಫೋಟೊ ಇರುವ ಪೋಸ್ಟ್‌ಗಳ ಭಾಗವನ್ನು ಆರಿಸಿಕೊಳ್ಳಬಹುದು. ನಾನಾದರೆ ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ. ನಾವು ಬರೆದ ಕಾಮೆಂಟ್‌ಗಳೂ ಆಮೇಲೆ ಬೇಕೆನಿಸುತ್ತವೆ.

ಹೆಜ್ಜೆ 3: ಕಾಯಿರಿ

ಗಂಟೆಯೂ ಆಗಬಹುದು, ಒಂದೆರಡು ದಿನವೂ ಆಗಬಹುದು. ಫೈಲ್ ಸಿದ್ಧವಾದಾಗ ಇಮೇಲ್ ಬರುತ್ತದೆ. ಆದರೆ ಇಮೇಲ್‌ನ ಲಿಂಕ್ ಒತ್ತುವ ಬದಲು ಅದೇ ಸೆಟ್ಟಿಂಗ್ಸ್‌ಗೆ ಮರಳಿ ಹೋಗಿ ಇಳಿಸಿಕೊಳ್ಳಿ, ಇದೇ ರೂಪದ ಕಳ್ಳ ಇಮೇಲ್‌ಗಳೂ ಬರುತ್ತವೆ. ನಾಲ್ಕು ದಿನದೊಳಗೆ ಇಳಿಸಬೇಕು. ತಡವಾದರೆ ಮತ್ತೆ ಮೊದಲಿನಿಂದ. ಹಾಗಾಗಿ ಊರಿಗೆ ಹೊರಡುವ ಹಿಂದಿನ ದಿನ ಕೋರಿಕೆ ಹಾಕಬೇಡಿ.

ಹೆಜ್ಜೆ 4: ಗಂಟು ಬಿಚ್ಚುವುದು

ಬರುವುದು ಝಿಪ್ ಫೈಲ್, ಅಂದರೆ ಹಲವು ಫೈಲ್‌ಗಳನ್ನು ಒಟ್ಟಿಗೆ ಕಟ್ಟಿಟ್ಟ ಗಂಟು. ಫೋಟೊ ಜಾಸ್ತಿ ಇದ್ದರೆ ಒಂದಲ್ಲ, ನಾಲ್ಕೈದು. ಎಲ್ಲವನ್ನೂ ಇಳಿಸಬೇಕು. ಎರಡನೆಯದು ಬಿಟ್ಟುಹೋದರೆ 2014ರಿಂದ 2017 ಮಾಯ, ಅಂಥ ಕಥೆ.

ವಿಂಡೋಸ್‌ನಲ್ಲಿ ಝಿಪ್ ಮೇಲೆ ಎರಡು ಬಾರಿ ಒತ್ತಿದರೆ ಅದು ಸಾಮಾನ್ಯ ಫೋಲ್ಡರ್ ಥರ ತೆರೆದುಕೊಳ್ಳುತ್ತದೆ. ಮೋಸ ಹೋಗುವುದು ಇಲ್ಲಿ. ಅದು ಬಿಚ್ಚಿದ್ದಲ್ಲ, ಇಣುಕಿದ್ದು. ಅಲ್ಲಿಂದಲೇ ಪುಟ ತೆರೆದರೆ ಬರಹ ಕಾಣುತ್ತದೆ, ಫೋಟೊ ಇರಬೇಕಾದ ಜಾಗದಲ್ಲಿ ಖಾಲಿ ಚೌಕ. ಫೋಟೊನೇ ಬಂದಿಲ್ಲ ಎಂದು ಗಾಬರಿಬಿದ್ದು ನನಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರಿದ್ದಾರೆ. ಮಾಡಬೇಕಾದ್ದು ಇಷ್ಟು: ಝಿಪ್ ಮೇಲೆ ಬಲ ಗುಂಡಿ ಒತ್ತಿ, 'ಎಕ್ಸ್‌ಟ್ರಾಕ್ಟ್ ಆಲ್' ಆರಿಸಿ. ನಾಲ್ಕೈದು ಝಿಪ್ ಇದ್ದರೆ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಬಿಚ್ಚಿ. ಬೇರೆ ಬೇರೆ ಕಡೆ ಬಿಚ್ಚಿದರೆ ಪುಟ ಒಂದು ಕಡೆ, ಅದರ ಫೋಟೊ ಇನ್ನೊಂದು ಕಡೆ.

ಈಗ 'ಸ್ಟಾರ್ಟ್ ಹಿಯರ್' ಎಂಬ ಹೆಸರಿನ ಫೈಲ್ ತೆರೆಯಿರಿ. ಇಂಟರ್ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ಕಾಣುತ್ತದೆ. ಫೋಟೊಗಳು ಪೋಸ್ಟ್ಸ್ ಫೋಲ್ಡರ್‌ನೊಳಗಿನ ಮೀಡಿಯಾ ಫೋಲ್ಡರ್‌ನಲ್ಲಿರುತ್ತವೆ, ಉದ್ದುದ್ದ ಅಂಕಿಗಳ ಹೆಸರಿನಲ್ಲಿ.

ಒಂದು ಎಚ್ಚರಿಕೆ. ಆ ಫೋಟೊಗಳನ್ನು ನೇರ ಫೋನಿಗೆ ಹಾಕಿದರೆ 2011ರ ಗೃಹಪ್ರವೇಶವೂ ಇವತ್ತಿನ ತಾರೀಖಿನಲ್ಲಿ ಬಂದು ಕೂರುತ್ತದೆ. ಫೋಟೊ ತೆಗೆದ ದಿನ ಫೋಟೊದೊಳಗೆ ಉಳಿದಿರುವುದಿಲ್ಲ. ಪೋಸ್ಟ್ ಮಾಡಿದ ದಿನ ಎಚ್‌ಟಿಎಂಎಲ್ ಪುಟದಲ್ಲಿರುತ್ತದೆ. ಅದಕ್ಕೇ ಬರೀ ಫೋಟೊ ಎತ್ತಿಕೊಂಡು ಪುಟಗಳನ್ನು ಅಳಿಸಬೇಡಿ. ಮುಖ್ಯವಾದ ನೂರು ಫೋಟೊಗಳಿಗಾದರೂ ಕೂತು ಹೆಸರಿಡಿ: '2011 ಗೃಹಪ್ರವೇಶ', '2016 ಧರ್ಮಸ್ಥಳ'. ಬೇಸರದ ಕೆಲಸವೇ, ಒಪ್ಪುತ್ತೇನೆ.

ಹೆಜ್ಜೆ 5: ಗಂಟಿನಲ್ಲಿ ಇಲ್ಲದ್ದು

ಮನೆ ಖಾಲಿ ಮಾಡುವಾಗ ಅಟ್ಟ ನೋಡದೆ ಬೀಗದ ಕೈ ಕೊಟ್ಟುಬಿಡುತ್ತೇವಲ್ಲ, ಹಾಗೆ ಇದು. ನಿಮ್ಮನ್ನು ಟ್ಯಾಗ್ ಮಾಡಿ ಬೇರೆಯವರು ಹಾಕಿದ ಫೋಟೊ ನಿಮ್ಮ ಗಂಟಿನಲ್ಲಿ ಬರುವುದಿಲ್ಲ. ಅದು ಅವರ ಸ್ವತ್ತು. ಮದುವೆ ಫೋಟೊ ಅಂದರೆ ಬಹುಪಾಲು ಹೀಗೇ ಅಲ್ವಾ? ನಿಮ್ಮ ಮದುವೆ, ಸೋದರಮಾವನ ಮಗನ ಕ್ಯಾಮೆರಾ, ಅವನದೇ ಆಲ್ಬಮ್. ಪ್ರೊಫೈಲ್‌ನ ಫೋಟೊ ಭಾಗದಲ್ಲಿ 'ಫೋಟೋಸ್ ಆಫ್ ಯು' ಎಂಬ ಟ್ಯಾಗ್ ಪಟ್ಟಿ ತೆರೆದು ಒಂದೊಂದಾಗಿ ಉಳಿಸಿಕೊಳ್ಳಿ. ಅದಕ್ಕಿಂತ ಅವನಿಗೇ ಫೋನ್ ಮಾಡಿ ಮೂಲ ಫೋಟೊ ಕೇಳುವುದು ಮೇಲು. ಕಳಿಸುವುದು ವಾಟ್ಸ್ಆ್ಯಪ್‌ನಲ್ಲಾದರೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅಲ್ಲೂ ಕುಗ್ಗುತ್ತದೆ.

ಮೆಸೆಂಜರ್‌ನದು ಇನ್ನೊಂದು ಕತೆ. 2023ರ ಡಿಸೆಂಬರ್‌ನಿಂದ ಅಲ್ಲಿಯ ಖಾಸಗಿ ಮಾತುಕತೆಗಳಿಗೆ ತಾನಾಗಿಯೇ ಎನ್‌ಕ್ರಿಪ್ಷನ್ (ಮಾತಾಡುವವರ ಹೊರತು ಬೇರೆ ಯಾರೂ ಓದಲಾಗದ ಬೀಗ) ಹಾಕಲು ಶುರುಮಾಡಿದರು. ಅಂಥವು ಈ ಮಾಮೂಲಿ ಗಂಟಿಗೆ ಸೇರುವುದಿಲ್ಲ. ಹತ್ತಿಪ್ಪತ್ತು ಫೋಟೊ ಮಾತ್ರ ಬೇಕಿದ್ದರೆ ಆ ಮಾತುಕತೆಯ ಮೀಡಿಯಾ ಪಟ್ಟಿ ತೆರೆದು ಕೈಯಾರೆ ಉಳಿಸಿಕೊಳ್ಳುವುದೇ ಸುಲಭ.

ಅಂದಹಾಗೆ, ಎಲ್ಲ ಫೋಟೊ ಒಂದೇ ಕ್ಲಿಕ್‌ನಲ್ಲಿ ಎನ್ನುವ ಬ್ರೌಸರ್ ಎಕ್ಸ್‌ಟೆನ್ಷನ್‌ಗಳ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್‌ಗಳ) ಹತ್ತಿರ ಹೋಗಬೇಡಿ. ಪಾಸ್‌ವರ್ಡ್ ಕೇಳಿದರಂತೂ ಮುಚ್ಚಿಬಿಡಿ. ಸ್ಕ್ರೀನ್‌ಶಾಟ್ ಕೂಡ ದಾರಿಯಲ್ಲ.

ಹೆಜ್ಜೆ 6: ಎರಡು ಕಡೆ ಇಡಿ

ಒಂದು ಹಾರ್ಡ್ ಡಿಸ್ಕ್, ಒಂದು ಕ್ಲೌಡ್ (ಇಂಟರ್ನೆಟ್‌ನಲ್ಲಿ ಸಿಗುವ ಜಾಗ). ಗೂಗಲ್‌ನಲ್ಲಿ ಬಿಟ್ಟಿ ಜಾಗ 15 ಜಿಬಿ, ಜಿಮೇಲ್ ಕೂಡ ಅದರಲ್ಲೇ. ನಾನು ಒಮ್ಮೆ ಐನೂರು ರೂಪಾಯಿಗೆ '2 ಟಿಬಿ' ಪೆನ್‌ಡ್ರೈವ್ ಕೊಂಡಿದ್ದೆ. ಎಲ್ಲ ಕಾಪಿ ಆಯ್ತು ಎಂದು ತೋರಿಸಿತು. ಒಳಗೆ ನಿಜವಾಗಿ ಇದ್ದದ್ದು 32 ಜಿಬಿ. ಅದರಾಚೆಯ ಫೈಲ್‌ಗಳಿಗೆ ಹೆಸರಿತ್ತು, ಜೀವ ಇರಲಿಲ್ಲ.

ಹೆಜ್ಜೆ 7: ಈಗ ಅಳಿಸಿ

ಮೊದಲ ವರ್ಷದ್ದೊಂದು, ನಡುವಿನದೊಂದು, ಹೋದ ತಿಂಗಳದ್ದೊಂದು ಫೋಟೊ ತೆರೆದು ನೋಡಿ. ಮೂರೂ ಕಂಡರೆ ಮುಂದುವರಿಯಿರಿ. ಡಿಆಕ್ಟಿವೇಟ್ ಎಂದರೆ ಬಾಗಿಲು ಹಾಕಿದ್ದು, ಡಿಲೀಟ್ ಎಂದರೆ ಮನೆ ಕೆಡವಿದ್ದು. ಡಿಲೀಟ್ ಒತ್ತಿದರೂ 30 ದಿನ ಅವಕಾಶ ಇರುತ್ತದೆ. ಅಷ್ಟರಲ್ಲಿ ಲಾಗಿನ್ ಆಗಿ ಕೋರಿಕೆ ರದ್ದು ಮಾಡಿದರೆ ಖಾತೆ ಮರಳುತ್ತದೆ. ಅಳಿಸುವ ಕೆಲಸ ಶುರುವಾದಾಗಿನಿಂದ ಎಲ್ಲ ಪೂರ್ತಿ ಅಳಿಯಲು 90 ದಿನದವರೆಗೆ ಹಿಡಿಯಬಹುದು. ಫೇಸ್‌ಬುಕ್ ಲಾಗಿನ್ ಕೊಟ್ಟು ಬಳಸುತ್ತಿರುವ ಬೇರೆ ಆ್ಯಪ್‌ಗಳಿದ್ದರೆ ಅವಕ್ಕೆ ಮೊದಲೇ ಬೇರೆ ಪಾಸ್‌ವರ್ಡ್ ಮಾಡಿಟ್ಟುಕೊಳ್ಳಿ. ನಿಮ್ಮ ಫೋನಿನಿಂದ ಆ್ಯಪ್ ತೆಗೆಯಿರಿ. ಮನೆಯ ಹಳೇ ಟ್ಯಾಬ್‌ನಲ್ಲಿ ಲಾಗಿನ್ ಇದ್ದರೆ ಅಲ್ಲಿಂದಲೂ.