ಮುಂಬಾಗಿಲ ಸಂದಿ: ಲೀಡ್ಸ್‌ಗೆ ಹೊರಟ ನಮ್ಮೂರಿನವರಿಗೆ

ಮೂಡಿಗೆರೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಪುಷ್ಯ ಮಳೆ ಹಿಡಿದು ಕೂತಿದೆ. ಬೆಳಿಗ್ಗೆ ಆರಕ್ಕೆ ತೆರೆದ ಹೆಬ್ಬಾಗಿಲನ್ನು ಇನ್ನೂ ಯಾರೂ ಮುಚ್ಚಿಲ್ಲ. ನಮ್ಮ ಬೀದಿಯ ಇಬ್ಬರು ಹುಡುಗರು, ಚಿಕ್ಕಮಗಳೂರಿನ ಒಬ್ಬ ಹುಡುಗಿ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಓದಲು ಹೊರಟಿದ್ದಾರೆ. ಯಾವ ಜಾಕೆಟ್ ಕೊಳ್ಳಬೇಕು ಎಂದು ನಿನ್ನೆ ಕೇಳಿದರು. ಹದಿನೇಳು ಚಳಿಗಾಲ ಅಲ್ಲಿ ಕಳೆದಿರುವ ನನಗೆ ಜಾಕೆಟ್ಟಿಗಿಂತ ಮೊದಲು ಬಾಗಿಲಿನ ವಿಷಯ ಹೇಳಬೇಕೆನಿಸಿತು.

ಕಾಗದಪತ್ರದ ಮಾತು ಒಂದೇ ಸಾಲಿನಲ್ಲಿ: ಬಾಡಿಗೆ ಮನೆಗೆ ನೀವು ಕೊಟ್ಟ ಠೇವಣಿಯನ್ನು ಮಾಲೀಕರು 30 ದಿನಗಳೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಸೇರಿಸಬೇಕು, ಅದರ ದಾಖಲೆ ಕೇಳಿ ಪಡೆಯಿರಿ.

ನಾವು ಸಂದಿಗಳ ನಡುವೆಯೇ ಬೆಳೆದವರು. ಬಚ್ಚಲೊಲೆಯ ಹೊಗೆ ಹೆಂಚಿನ ಸಂದಿಯಿಂದ ಹೋಗುತ್ತಿತ್ತು, ಕದದ ಬಿರುಕಿನಿಂದ ಬೆಳಗಿನ ಬೆಳಕು ಬರುತ್ತಿತ್ತು. ಚಳಿಯಾದರೆ ಕಂಬಳಿ ಹೊದ್ದು ಒಲೆಯ ಮುಂದೆ ಕೂರುತ್ತಿದ್ದೆವು. ಮನೆಗೆ ಮನೆಯನ್ನೇ ಬಿಸಿ ಮಾಡುವ ಯೋಚನೆ ನಮ್ಮ ಹಿರಿಯರಿಗೆ ಬಂದಿರಲಿಲ್ಲ. ಅಲ್ಲಿ ಅದನ್ನೇ ಮಾಡಬೇಕು, ಅದಕ್ಕೆ ಹಣವನ್ನೂ ತೆರಬೇಕು. ಬಿಸಿಯಾದ ಗಾಳಿ ಮೇಲೇರಿ ಮಹಡಿಯ ಸಂದಿಗಳಿಂದ ಹೊರಟುಹೋಗುತ್ತದೆ. ಆ ಜಾಗ ತುಂಬಲು ತಣ್ಣನೆಯ ಗಾಳಿ ಮುಂಬಾಗಿಲ ಅಡಿಯಿಂದ ನುಗ್ಗುತ್ತದೆ. ಲೀಡ್ಸ್‌ನ ಎಷ್ಟೋ ಹಳೆಯ ಸಾಲುಮನೆಗಳಲ್ಲಿ ಬೀದಿಬಾಗಿಲು ನೇರವಾಗಿ ಕೂರುವ ಕೋಣೆಗೇ ತೆರೆಯುತ್ತದೆ. ನಡುವೆ ಜಗಲಿಯಿಲ್ಲ, ಪಡಸಾಲೆಯಿಲ್ಲ.

ಮೊದಲ ಚಳಿಗಾಲದಲ್ಲಿ ನಾನು ಉಬ್ಬುವ ಫೋಮಿನ ಡಬ್ಬಿ ತಂದು ಗೋಡೆಗೂ ದಾರಂದಕ್ಕೂ ನಡುವಿನ ಬಿರುಕಿಗೆ ಕೈತುಂಬ ಸುರಿದೆ. ಅದು ಗಟ್ಟಿಯಾಗುವ ಮುನ್ನ ಹಿಗ್ಗುತ್ತದೆ ಎಂದು ಡಬ್ಬಿಯ ಮೇಲೇ ಬರೆದಿತ್ತು, ನಾನು ಓದಲಿಲ್ಲ. ಬೆಳಗಾಗುವಷ್ಟರಲ್ಲಿ ದಾರಂದ ಒಳಕ್ಕೆ ಬಾಗಿ ಕದ ಸಿಕ್ಕಿಕೊಂಡಿತ್ತು. ಬಾಡಿಗೆ ಮನೆ, ಬಿಡುವಾಗ ಠೇವಣಿಯಲ್ಲಿ ದೊಡ್ಡ ಪಾಲು ಹೋಯಿತು. ಯಾರನ್ನೂ ಕೇಳದೆ ಕೈಹಾಕಿದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅದಿಲ್ಲದೆ, ಕಿತ್ತರೆ ಗುರುತು ಉಳಿಯುವಂಥ ಏನನ್ನೂ ಹಚ್ಚಬೇಡಿ.

ಸಂದಿ ಹುಡುಕಲು ಊರಿನಿಂದ ಒಯ್ಯುವ ಊದುಬತ್ತಿಯೇ ಸಾಕು. ಗಾಳಿ ಜೋರಾಗಿರುವ ದಿನ ಹಚ್ಚಿ, ಮುಚ್ಚಿದ ಕದದ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಿ. ಹೊಗೆ ಎಲ್ಲಿ ಅಡ್ಡ ಬೀಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಪರದೆ ದೂರವಿರಲಿ. ಮೂರು ಬದಿಯ ಸಂದಿಗೆ ರಬ್ಬರ್ ಪಟ್ಟಿ ಒಳ್ಳೆಯದು: ಇಂಗ್ಲಿಷಿನ ‘E’ ಅಕ್ಷರದ ಆಕಾರದ್ದು ಸುಮಾರು 2ರಿಂದ 3.5 ಮಿಲಿಮೀಟರ್ ಸಂದಿಗೆ, ‘P’ ಆಕಾರದ್ದು 3ರಿಂದ 5 ಮಿಲಿಮೀಟರ್ ಸಂದಿಗೆ. ಅಗ್ಗದ ಸ್ಪಂಜಿನ ಪಟ್ಟಿ ಬೇಗ ಚಪ್ಪಟೆಯಾಗುತ್ತದೆ. ದಾರಂದವನ್ನು ಒರೆಸಿ, ಪೂರ್ತಿ ಒಣಗಿಸಿ ಅಂಟಿಸಿ. ಕೊರೆಯುವ ಚಳಿಯ ದಿನ ಅಂಟು ಹಿಡಿಯುವುದಿಲ್ಲ. ಕದದ ಅಡಿಗೆ ಕುಂಚದ ಪಟ್ಟಿ, ಅಂಚೆಯವರು ಕಾಗದ ಹಾಕಲೆಂದು ಕದದಲ್ಲೇ ಇರುವ ಕಂಡಿಗೆ ಒಳಗಿನಿಂದ ಕುಂಚದ ಮುಚ್ಚಳ, ಬೀಗದ ತೂತಿಗೆ ತಿರುಗುವ ಬಿಲ್ಲೆ. ಪ್ಲಾಸ್ಟಿಕ್ ಬಾಗಿಲಾದರೆ ಹಿಡಿಯನ್ನು ಮೇಲೆತ್ತಿಯೇ ಬೀಗ ಹಾಕಿ, ಆಗ ಕೊಕ್ಕೆಗಳು ಕದವನ್ನು ದಾರಂದಕ್ಕೆ ಬಿಗಿಯಾಗಿ ಎಳೆದುಕೊಳ್ಳುತ್ತವೆ. ಅಪಾರ್ಟ್‌ಮೆಂಟಿನ ಮುಂಬಾಗಿಲು ಸಾಮಾನ್ಯವಾಗಿ ಬೆಂಕಿ ತಡೆಯುವ ಬಾಗಿಲಾಗಿರುತ್ತದೆ, ಅದನ್ನು ನೀವಾಗಿ ಹೆರೆಯಬೇಡಿ, ಕೊರೆಯಬೇಡಿ.

ಎರಡನೆಯ ತಪ್ಪು ಹಣದಲ್ಲಿ ಮುಗಿಯಲಿಲ್ಲ. ಬಾಗಿಲು ಸರಿಹೋದ ಉತ್ಸಾಹದಲ್ಲಿ ಕಿಟಕಿಯ ಮೇಲಿನ ಸಣ್ಣ ಗಾಳಿಗಂಡಿಗಳಿಗೂ ಟೇಪು ಹಾಕಿಬಿಟ್ಟೆ. ನಾವು ದಿನವೂ ಅನ್ನ ಬೇಯಿಸುವವರು, ಬಟ್ಟೆಯನ್ನು ಒಳಗೇ ಒಣಗಿಸುವವರು. ಆ ತೇವಕ್ಕೆ ಹೋಗಲು ದಾರಿಯೇ ಉಳಿಯಲಿಲ್ಲ. ಮಗಳ ಮಂಚದ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಮೂರು ವರ್ಷದ ಕೂಸು ರಾತ್ರಿಯೆಲ್ಲ ಕೆಮ್ಮುತ್ತಿತ್ತು; ಚಳಿಗೆ ಎಂದುಕೊಂಡು ನಾನು ಇನ್ನಷ್ಟು ಟೇಪು ಹಾಕಿದೆ. ದಯವಿಟ್ಟು ಗಾಳಿಗಂಡಿ, ಅಡುಗೆಮನೆ ಮತ್ತು ಬಚ್ಚಲಿನ ಫ್ಯಾನು ಮುಚ್ಚಬೇಡಿ. ಗ್ಯಾಸ್ ಉರಿಯುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ಮೊದಲ ದಿನವೇ ನೋಡಿ.

ಆ ವರ್ಷ ಡಿಸೆಂಬರಿನಲ್ಲಿ ಅಮ್ಮ ಬಂದಿದ್ದಳು. ಅಲ್ಲಿ ಆಗ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಅಮ್ಮ ಅಲ್ಯೂಮಿನಿಯಂ ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು, ದೀಪ ಹಚ್ಚಿ, ಮುಂಬಾಗಿಲನ್ನು ಅಗಲವಾಗಿ ತೆರೆದಳು. ದೀಪ ಹಚ್ಚುವ ಹೊತ್ತಿನಲ್ಲಿ ಬಾಗಿಲು ಹಾಕಿರಬಾರದು ಎಂದು ನಮಗೆಲ್ಲ ಕಲಿಸಿದವಳು ಅವಳೇ. ನಾನು ಗದರಿದೆ. ಬಿಸಿಯೆಲ್ಲ ಹೋಗುತ್ತದೆ, ಬಾಗಿಲು ಹಾಕು ಎಂದೆ. ಅವಳು ಏನೂ ಹೇಳದೆ ಬಾಗಿಲು ಹಾಕಿ, ಅಡುಗೆಮನೆಗೆ ಹೋದಳು. ಊರಿಗೆ ಮರಳುವವರೆಗೆ ಮತ್ತೆ ಆ ಬಾಗಿಲನ್ನು ಅವಳಾಗಿ ತೆರೆಯಲಿಲ್ಲ.

ಮನೆಯ ತೇವ ಹೋಗಲು ದಿನಕ್ಕೊಮ್ಮೆ ಕೆಲವು ನಿಮಿಷ ಬಾಗಿಲು, ಕಿಟಕಿ ಪೂರ್ತಿ ತೆರೆಯಬೇಕು, ಅಷ್ಟರಲ್ಲಿ ಗೋಡೆಗಳ ಬಿಸಿ ಆರುವುದಿಲ್ಲ ಎಂದು ನನಗೆ ತಿಳಿದದ್ದು ಅವಳು ಹೋದ ಮೇಲೆ. ಈಗ ದೀಪದ ಹೊತ್ತಿಗೆ ನಮ್ಮ ಬಾಗಿಲು ಐದು ನಿಮಿಷ ತೆರೆದಿರುತ್ತದೆ. ನೀವೂ ಆ ಹೊತ್ತನ್ನೇ ಇಟ್ಟುಕೊಳ್ಳಿ.

ಮಗಳಿಗೆ ಈಗ ಹದಿನಾಲ್ಕು. ಈ ಸಲ ಮೂಡಿಗೆರೆಗೆ ಬಂದ ಮೊದಲ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಟವೆಲನ್ನು ಸುತ್ತಿ ಹೆಬ್ಬಾಗಿಲ ಅಡಿಯ ಸಂದಿಗೆ ಒತ್ತಿಟ್ಟು ಬಂದಿದ್ದಳು. ಬೆಳಿಗ್ಗೆ ಬಾಗಿಲು ತೆರೆಯಲು ಹೋದ ಅಕ್ಕ ಅದನ್ನೆತ್ತಿ, ಹಿಂಡಿ, ಜಗಲಿಯ ಹಗ್ಗದ ಮೇಲೆ ಹರವಿದಳು. ಈ ಮಳೆಯಲ್ಲಿ ಅದಿನ್ನೂ ಒಣಗಿಲ್ಲ.